ಕಡಲು ಖಾಲಿ ಮಾಡಲಾಗಿದೆ

ಹಿಯುಮಾ ದ್ವೀಪದ ಹಡಗುಕಟ್ಟೆಯಲ್ಲಿ
ಟಿಕೆಟ್ ಕಿಟಕಿಯ ಹಿಂದೆ ನನ್ನ ಕೋಣೆ.
ಒಂದು ಹೀಟರು, ಎರಡು ಪರದೆ,
ಕೌಪೊ ಕೆಲಸ ಬಿಟ್ಟಾಗ ಮರೆತುಹೋದ
ಕೆಂಪು ಉಣ್ಣೆಯ ಒಂಟಿ ಕೈಗವಸು.
ಇಲ್ಲಿ ಕೂತು ಜಾವಾಸ್ಕ್ರಿಪ್ಟು ಬರೆಯುತ್ತೇನೆ:
ಯಾವ ಹಡಗಿಗೆ ಎಷ್ಟು ಕಾರು, ಎಷ್ಟು ಕುರಿ,
ಗಾಳಿ ಎದ್ದರೆ ಯಾರಿಗೆಲ್ಲ ಸುದ್ದಿ.

ಒಂದೇ ಬರಹಕ್ಕೆ ಎರಡು ಬಾಳು.
ಡೆವಲಪ್‌ಮೆಂಟಿನಲ್ಲಿ ಪ್ರಯಾಣಿಕರ ಹೆಸರು
ಹೆರಿಂಗ್ ಒಂದು, ಹೆರಿಂಗ್ ಎರಡು, ಶ್ರೀಮತಿ ಏಡಿ;
ಹಡಗು ಮುಳುಗಿದರೂ ಯಾರ ಕಾಲೂ ಒದ್ದೆಯಾಗದು.
ಪ್ರೊಡಕ್ಷನ್ನಿನಲ್ಲಿ ಹೆಸರಿಗೆ ಉಸಿರುಂಟು,
ಆಸ್ಪತ್ರೆಯ ಸರದಿಯುಂಟು,
ಮಡಿಲಲ್ಲಿ ಅಲುಗದಂತೆ ಹಿಡಿದ ಮದುವೆಯ ಕೇಕುಂಟು.

ಎರಡರ ನಡುವೆ ಗೋಡೆಯಿಲ್ಲ, ಬೇಲಿಯೂ ಇಲ್ಲ.
ಚುಕ್ಕಿಯಿಟ್ಟು ಶುರುವಾಗುವ ಒಂದು ಫೈಲು,
ಚುಕ್ಕಿಯ ಮರೆಯಲ್ಲಿ ಪಟ್ಟಿಗೂ ಕಾಣದ್ದು,
ಯಾರಿಗೂ ಕಳಿಸಬಾರದ ಹನ್ನೊಂದು ಸಾಲು:
ಡಾಟಾಬೇಸು ಎಲ್ಲಿ, ಗುಟ್ಟಿನ ಕೀಲಿ ಯಾವುದು,
ಸಂದೇಶ ನಿಜಕ್ಕೂ ಹೋಗಬೇಕೋ
ಹೋದಂತೆ ನಟಿಸಬೇಕೋ.

ಆ ಸೋಮವಾರ ರಾತ್ರಿ ಯಾವುದೋ ದೂರಿನ ಬೆನ್ನು ಹತ್ತಿ
ಟರ್ಮಿನಲ್ಲಿಗೆ ನಾನೇ ಹೇಳಿದ್ದೆ: ನೀನೀಗ ಪ್ರೊಡಕ್ಷನ್.
ಹುಡುಕಿದೆ, ಸಿಕ್ಕಿತು. ಬಟಾಣಿ ಸೂಪು ಬಿಸಿಮಾಡಲು ಎದ್ದೆ.
ಕಿಟಕಿ ಮುಚ್ಚಲಿಲ್ಲ.
ಬೆಳಿಗ್ಗೆ ಅದೇ ಕಿಟಕಿಯಲ್ಲಿ ಹೊಸ ಪರೀಕ್ಷೆ.
ಫೈಲು ತನ್ನ ಪಾಡಿಗೆ ಹೇಳಿಕೊಂಡಿತು:
ಡೆವಲಪ್‌ಮೆಂಟ್, ಇದು ಡೆವಲಪ್‌ಮೆಂಟ್.
ಆದರೆ ಈ ಲೋಕದ ನ್ಯಾಯವೇ ಹಾಗೆ,
ಮೊದಲು ಕಿವಿಗೆ ಬಿದ್ದದ್ದೇ ಮಾತು;
ಶೆಲ್ಲು ಆಗಲೇ ನಂಬಿಕೊಂಡದ್ದನ್ನು
ಆಮೇಲೆ ಬಂದ ಫೈಲು ತಿದ್ದುವುದಿಲ್ಲ.

ಪರೀಕ್ಷೆಗೆಂದು ನಾನು ಬರೆದಿದ್ದ ಸಂದೇಶ, ನಗಬೇಡಿ:
"ನಾಳೆ ಹಡಗಿಲ್ಲ. ಕಡಲು ಖಾಲಿ ಮಾಡಲಾಗಿದೆ.
ದಯವಿಟ್ಟು ನಡೆದು ಬನ್ನಿ."

ಎಂಟರ್.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು,
ಎರಡು ಸಾವಿರದ ನೂರ ಹದಿನಾಲ್ಕು ಫೋನಿಗೆ ಹೋಯಿತು.
ಮೊದಲು ಗುಂಯ್ ಎಂದದ್ದು ಗೋಡೆಯಾಚೆ
ಟಿಕೆಟ್ ಹರಿಯುತ್ತಿದ್ದ ಉರ್ವೆಯ ಜೇಬು.

"ಎಷ್ಟು ಬಕೆಟ್ ಹಿಡಿಯಿತು?" ಎಂದ ದೀಪಸ್ತಂಭದ ಅರ್ವಿ.
ಬಸ್ಸಿನ ಚಾಲಕನೊಬ್ಬ ತನ್ನ ಬೂಟಿನ ಚಿತ್ರ ಕಳಿಸಿದ.
ಯಾವುದೋ ಮಗು: "ಮೀನುಗಳನ್ನು ಎಲ್ಲಿ ಇಟ್ಟಿದ್ದೀರಿ?"
ಮ್ಯಾನೇಜರ್ ರೈವೊ ಫೋನಿನಲ್ಲಿ ಏನೂ ಹೇಳಲಿಲ್ಲ,
ಬರೀ ಉಸಿರಾಡಿದ.

ಮಧ್ಯಾಹ್ನ ಬಂದದ್ದು ಕೈನಾದ ಮೈಮು ಅವರಿಂದ.
ವಯಸ್ಸು ಎಂಬತ್ತೆರಡು; ಅರ್ಧ ದರದವರ ಪಟ್ಟಿಯಲ್ಲಿದ್ದಾರೆ.
"ತಪ್ಪಿ ಬಂದದ್ದೆಂದು ಗೊತ್ತು ಮಗೂ. ಆದರೂ,
ಖಾಲಿ ಮಾಡಿದ್ದೇ ಆದರೆ
ಉತ್ತರದ ಬಂಡೆಗಳ ಹತ್ತಿರ ಒಮ್ಮೆ ನೋಡು.
ನನ್ನ ಅಣ್ಣನ ದೋಣಿ. ಹಸಿರು ಬಣ್ಣ.
ಎಪ್ಪತ್ತೊಂದರ ಅಕ್ಟೋಬರ್."

ಅಂದೇ ಸಂಜೆ ಪ್ರೋಗ್ರಾಮಿನ ನೆತ್ತಿಯಲ್ಲಿ ಬರೆದೆ:
ಎಲ್ಲಿದ್ದೀಯೆಂದು ಯಾರೂ ಹೇಳದಿದ್ದರೆ
ಊಹಿಸಬೇಡ, ಹೊರಡಲೇಬೇಡ.
ನಿಜದ ಜನಕ್ಕೆ ಸುದ್ದಿ ಕಳಿಸುವ ಮುನ್ನ
ಎಷ್ಟು ಜನವೆಂದು ಕೈಯಾರೆ ಬರೆಸಿಕೋ.
ಉರ್ವೆ ಬಂದು ಆ ಒಂಟಿ ಕೈಗವಸನ್ನು
ಬಲಗಡೆಯ ಪರದೆಯ ಮೂಲೆಗೆ ತೊಡಿಸಿದಳು.
ಪ್ರೊಡಕ್ಷನ್ ಇನ್ನು ಅಲ್ಲಿ ಮಾತ್ರ.
"ಮುಟ್ಟುವುದಾದರೆ ಮೊದಲು ಇದನ್ನು ತೆಗೆ" ಎಂದಳು.

ಕ್ಷಮೆಯ ಸಂದೇಶ ಎಲ್ಲರಿಗೂ ಹೋಯಿತು.
ಮೈಮುಗೆ ಬೇರೆಯಾಗಿ ಬರೆಯಬೇಕು.
ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ.
ಅದು ಬಲಗಡೆಯ ಪರದೆ.
ಅಲ್ಲಿ ಬರೆದು ನೋಡುವುದು ಎಂಬುದಿಲ್ಲ.

ಎಡಗಡೆಯ ಪರದೆಯಲ್ಲಿ, ಯಾರಿಗೂ ಹೇಳದೆ,
ಹೆರಿಂಗ್ ಒಂದು, ಹೆರಿಂಗ್ ಎರಡು ಹತ್ತುವ ಹಡಗುಗಳ ಜೊತೆ
ಇನ್ನೊಂದು ಸೇರಿಸಿದ್ದೇನೆ:
ದೋಣಿ. ಸೀಟು ಒಂದು. ಎಂಜಿನ್ ಇಲ್ಲ.
ಪರೀಕ್ಷೆ ಓಡಿಸಿದಾಗಲೆಲ್ಲ ಅದು
ಉತ್ತರದ ಬಂಡೆಗಳನ್ನು ಸುತ್ತಿಕೊಂಡು
ವೇಳೆಗೆ ಸರಿಯಾಗಿ ದಡ ಸೇರುತ್ತದೆ.
ಸೇರಿತೆನ್ನಲು ಪರದೆಯ ಮೇಲೆ
ಒಂದು ಹಸಿರು ಗುರುತು.